ಅದೇ ಬ್ಯಾಗ್, ಚಿಕ್ಕ ವಿಮಾನ: ಕೊನೇ ಗಳಿಗೆಯಲ್ಲಿ ಟ್ಯಾಗ್ ಯಾಕೆ ಬೀಳುತ್ತದೆ?

ಷಿಕಾಗೋದಲ್ಲಿ ವಿಮಾನ ಬದಲಿಸಬೇಕಿತ್ತು. ಮೊದಲನೇ ವಿಮಾನದಲ್ಲಿ ನನ್ನ ಗಾಲಿ ಬ್ಯಾಗ್ ತಲೆ ಮೇಲಿನ ಬಿನ್‌ನಲ್ಲಿ ಆರಾಮಾಗಿ ಕೂತಿತ್ತು. ಎರಡನೇ ವಿಮಾನದ ಗೇಟಿನಲ್ಲಿ ಸಿಬ್ಬಂದಿ ಅದನ್ನು ನೋಡಿದ ಕೂಡಲೇ ಹಿಡಿಕೆಗೆ ಒಂದು ಟ್ಯಾಗ್ ಸುತ್ತಿದರು. "ವಿಮಾನದ ಬಾಗಿಲ ಹತ್ತಿರ ಬಿಟ್ಟು ಒಳಗೆ ಹೋಗಿ" ಅಂದರು. ಟ್ಯಾಗ್ ಬಿತ್ತು ಅಂದರೆ ಬ್ಯಾಗ್ ನಮ್ಮ ಜೊತೆ ಬರುವುದಿಲ್ಲ, ವಿಮಾನದ ಸಾಮಾನಿನ ಗೂಡಿಗೆ ಹೋಗುತ್ತದೆ. ನನ್ನ ಮುಂದೆ ವಯಸ್ಸಾದ ಒಬ್ಬ ಹೆಂಗಸು ಇದ್ದರು. ಅವರ ಬ್ಯಾಗಿಗೂ ಟ್ಯಾಗ್ ಬಿದ್ದಿತ್ತು. ಗೇಟಿನಿಂದ ವಿಮಾನದ ಬಾಗಿಲಿಗೆ ಹೋಗುವ ಮುಚ್ಚಿದ ದಾರಿ, ಅಂದರೆ ಏರೋಬ್ರಿಡ್ಜ್‌ನ ಇಳಿಜಾರಿನಲ್ಲೇ ಅವರು ಮಂಡಿಯೂರಿ ಕೂತರು. ಜಿಪ್ ತೆಗೆದು ಬಟ್ಟೆಗಳ ಅಡಿಯಲ್ಲಿ ಮಾತ್ರೆ ಡಬ್ಬಿ ಹುಡುಕತೊಡಗಿದರು. ಹಿಂದೆ ಉದ್ದದ ಸಾಲು. ಅವರ ಕೈ ನಡುಗುತ್ತಿತ್ತು. ಮನೆ ಬಿಡುವ ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಈ ಪಾಡು ಇರುತ್ತಿರಲಿಲ್ಲ. ಆ ಒಂದು ಮಾತನ್ನು ಹೇಳುವುದಕ್ಕೇ ಈ ಲೇಖನ.

ಅದೇ ಬ್ಯಾಗ್, ಅದೇ ಟಿಕೆಟ್, ವಿಮಾನದ ಬಾಲದ ಮೇಲೆ ಅದೇ ಬಣ್ಣ. ಆದರೂ ಒಂದರಲ್ಲಿ ನಡೆಯಿತು, ಇನ್ನೊಂದರಲ್ಲಿ ನಡೆಯಲಿಲ್ಲ. ಅಮೆರಿಕನ್, ಡೆಲ್ಟಾ, ಯುನೈಟೆಡ್ ಮೂರೂ ಕಂಪನಿಗಳು ಕ್ಯಾಬಿನ್ ಬ್ಯಾಗಿಗೆ ಇಟ್ಟಿರುವ ಅಳತೆ ಒಂದೇ: 22×14×9 ಇಂಚು, ಅಂದರೆ ಸುಮಾರು 56×36×23 ಸೆಂಟಿಮೀಟರ್. ಗಾಲಿ, ಹಿಡಿಕೆ ಎಲ್ಲಾ ಸೇರಿ. ಈ ಅಳತೆ ದೊಡ್ಡ ವಿಮಾನದ ಬಿನ್ ನೋಡಿ ಇಟ್ಟದ್ದು. ಬ್ಯಾಗನ್ನು ಗೇಟಿನ ತನಕ ತರಬಹುದು ಅಂತ ಮಾತ್ರ ಅದು ಹೇಳುತ್ತದೆ. ಆಮೇಲೆ ಬ್ಯಾಗ್ ಎಲ್ಲಿ ಕೂರಬೇಕು ಅನ್ನೋದು ನೀವು ಹತ್ತುವ ವಿಮಾನದ ಮೇಲೆ ನಿಂತಿದೆ. ಅದಕ್ಕೇ ಬ್ಯಾಗ್ ತುಂಬುವ ಮೊದಲು ಟಿಕೆಟ್‌ನಲ್ಲಿ ವಿಮಾನದ ಮಾದರಿ ನೋಡಿ. ಆ ಒಂದು ಮಾತು ಇಷ್ಟೇ.

ಎಲ್ಲವೂ ಕೊಳವೆಯ ಅಗಲದ ಲೆಕ್ಕ

ವಿಮಾನದ ಒಳಭಾಗ ಒಂದು ಕೊಳವೆ. ಬೋಯಿಂಗ್ 737ರ ಕೊಳವೆ ಒಳಗಡೆ ಸುಮಾರು 3.5 ಮೀಟರ್ ಅಗಲ. ಒಂದು ಸಾಲಿಗೆ ಆರು ಸೀಟು. ಬ್ರೆಜಿಲ್‌ನ ಎಂಬ್ರೇಯರ್ ಕಂಪನಿಯ ಇಆರ್‌ಜೆ-145ರ ಒಳ ಅಗಲ ಬರೀ 2.1 ಮೀಟರ್. ಎತ್ತರ ಸುಮಾರು 1.8 ಮೀಟರ್. ಎತ್ತರದ ಮನುಷ್ಯ ತಲೆ ಬಗ್ಗಿಸಿಯೇ ನಡೆಯಬೇಕು. ಕೊಳವೆ ಕಿರಿದಾದಷ್ಟೂ ಅದರ ಗೋಡೆ ಬೇಗ ಒಳಕ್ಕೆ ಬಾಗುತ್ತದೆ. ಮೊದಲು ಜಾಗ ಕಳೆದುಕೊಳ್ಳುವುದೇ ತಲೆ ಮೇಲಿನ ಮೂಲೆ. ಬಿನ್ ಇರುವುದೂ ಅಲ್ಲೇ, ಅಲ್ವಾ?

ಇಆರ್‌ಜೆ-145ರ ಒಳಗೆ ಒಮ್ಮೆ ನಿಂತು ನೋಡಿ. ಎಡಗಡೆ ಒಂಟಿ ಸೀಟು, ಬಲಗಡೆ ಜೋಡಿ ಸೀಟು, ಮಧ್ಯೆ ಒಬ್ಬರೇ ಹೋಗುವಷ್ಟು ದಾರಿ. ಒಂಟಿ ಸೀಟಿನ ತಲೆ ಮೇಲೆ ಬಿನ್ನೇ ಇಲ್ಲ. ಗೋಡೆ ನೇರವಾಗಿ ಬಾಗಿ ಚಾವಣಿಗೆ ಸೇರಿಬಿಡುತ್ತದೆ. ಬಲಗಡೆ ಬಿನ್ ಇದೆ. ಮುಚ್ಚಳ ಎತ್ತಿದರೆ ಒಳಗೆ ಒಂದು ಜಾಕೆಟ್, ಲ್ಯಾಪ್‌ಟಾಪ್ ಚೀಲ, ಮೆತ್ತನೆಯ ಬೆನ್ನುಚೀಲ ಹಿಡಿಯುತ್ತದೆ. ಗಟ್ಟಿ ಚೌಕಟ್ಟಿನ ಗಾಲಿ ಬ್ಯಾಗನ್ನು ಯಾವ ಕಡೆಯಿಂದ ತಿರುಗಿಸಿ ತಳ್ಳಿದರೂ ಮುಚ್ಚಳ ಮುಚ್ಚುವುದಿಲ್ಲ. ಎಂಬ್ರೇಯರ್ ಈ ಜೆಟ್ ಮಾಡುವಾಗ ಹೊಸ ಕೊಳವೆ ಎಳೆಯಲಿಲ್ಲ. ತನ್ನದೇ 30 ಸೀಟಿನ ಬ್ರಸಿಲಿಯಾ ಅನ್ನೋ ಪ್ರೊಪೆಲ್ಲರ್ ವಿಮಾನದ ಕೊಳವೆಯನ್ನೇ ಉದ್ದ ಮಾಡಿ, ಹಿಂದೆ ಜೆಟ್ ಎಂಜಿನ್ ಕೂರಿಸಿತು. ಬ್ರಸಿಲಿಯಾ ಮೊದಲು ಹಾರಿದ್ದು 1983ರಲ್ಲಿ. ಎಲ್ಲರೂ ಗಾಲಿ ಬ್ಯಾಗ್ ಎಳೆದುಕೊಂಡು ಬರುವ ಕಾಲ ಅದಲ್ಲ.

ಇನ್ನೊಂದು ಕುಟುಂಬ ಕೆನಡಾದ ಸಿಆರ್‌ಜೆ. ಇದರ ಮೂಲ ಚಾಲೆಂಜರ್ ಅನ್ನೋ ಬಿಸಿನೆಸ್ ಜೆಟ್. ಹತ್ತು ಹನ್ನೆರಡು ಜನ ಕೂರುವ ಆ ವಿಮಾನವನ್ನು ಸುಮಾರು ಆರು ಮೀಟರ್ ಉದ್ದ ಮಾಡಿ 50 ಸೀಟು ಹಾಕಿದರು. 1992ರಲ್ಲಿ ಅದು ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು. ಎರಡೂ ಕಡೆ ಜೋಡಿ ಸೀಟು, ಎರಡೂ ಕಡೆ ಬಿನ್. ಆದರೆ 50 ಸೀಟಿನ ಸಿಆರ್‌ಜೆ-200ರ ಕಿಟಕಿ ಎಷ್ಟು ಕೆಳಗಿದೆ ಅಂದರೆ ಹೊರಗೆ ನೋಡಬೇಕಾದರೆ ಕತ್ತು ಬಗ್ಗಿಸಬೇಕು. ಬಿನ್‌ನ ಆಳವೂ ಕಡಿಮೆ. ಆಮೇಲೆ ಬಂದ ಸಿಆರ್‌ಜೆ-700, ಸಿಆರ್‌ಜೆ-900 ಉದ್ದವಾದವು, ಅಗಲ ಆಗಲಿಲ್ಲ. ಕೊಳವೆ ಅದೇ. ಹಾಗಾಗಿ ಹಳೇ ಒಳವಿನ್ಯಾಸದ ಸಿಆರ್‌ಜೆ ಯಾವುದೇ ಇರಲಿ, ಗಾಲಿ ಬ್ಯಾಗಿಗೆ ಟ್ಯಾಗ್ ಬೀಳುತ್ತದೆ ಅಂದುಕೊಂಡೇ ಹೊರಡಿ. 2018ರಿಂದ ಬಂದ ಕೆಲವು ಹೊಸ ಸಿಆರ್‌ಜೆ-900ಗಳಲ್ಲಿ ಮಾತ್ರ ಬಿನ್ ದೊಡ್ಡದು ಮಾಡಿದ್ದಾರೆ. ಮೊದಲು ತೆಗೆದುಕೊಂಡದ್ದು ಡೆಲ್ಟಾ.

ಮೂರನೆಯದು ಎಂಬ್ರೇಯರ್‌ನ ಇ170 ಮತ್ತು ಇ175. 2004ರಲ್ಲಿ ಸೇವೆಗೆ ಬಂದ ಈ ಕುಟುಂಬಕ್ಕೆ ಕಂಪನಿ ಹೊಸ ಕೊಳವೆಯನ್ನೇ ಎಳೆಯಿತು. ಎರಡು ವೃತ್ತಗಳನ್ನು ಒಂದರ ಮೇಲೊಂದು ಇಟ್ಟು ಅಂಟಿಸಿದ ಆಕಾರ. ಮೇಲಿನ ವೃತ್ತ ಪ್ರಯಾಣಿಕರಿಗೆ, ಕೆಳಗಿನದ್ದು ಸಾಮಾನಿಗೆ. ಒಳ ಅಗಲ 2.74 ಮೀಟರ್, ಎತ್ತರ 2 ಮೀಟರ್. ನೆಟ್ಟಗೆ ನಿಂತು ನಡೆಯಬಹುದು. ಸಾಮಾನ್ಯ ಗಾಲಿ ಬ್ಯಾಗ್ ಇದರ ಬಿನ್‌ಗೆ ಹೋಗುತ್ತದೆ. ಆದರೆ ತಡವಾಗಿ ಹತ್ತಿದವರಿಗೆ ಜಾಗ ಉಳಿದಿರೋದಿಲ್ಲ. ಅಲಾಸ್ಕಾ ಏರ್‌ಲೈನ್ಸ್ ಗುಂಪಿನ ಹೊರೈಜನ್ ಕಂಪನಿ 2023ರ ಜನವರಿಯಲ್ಲಿ ತನ್ನ ಕ್ಯೂ400 ಪ್ರೊಪೆಲ್ಲರ್ ವಿಮಾನಗಳನ್ನೆಲ್ಲ ನಿಲ್ಲಿಸಿ ಪೂರ್ತಿ ಇ175ಕ್ಕೆ ಬಂತು. ಆ ಕ್ಯೂ400ಗಳ ಪಕ್ಕದಲ್ಲಿ ಒಂದು ತಳ್ಳುಗಾಡಿ ನಿಂತಿರುತ್ತಿತ್ತು. ಹತ್ತುವಾಗ ಬ್ಯಾಗನ್ನು ನೀವೇ ಅದರಲ್ಲಿಡೋದು, ಇಳಿದ ಮೇಲೆ ನೀವೇ ತಗೊಳ್ಳೋದು. ಸರಳ, ಚೆನ್ನಾದ ಏರ್ಪಾಡು.

ಇಷ್ಟು ಇಕ್ಕಟ್ಟಾದರೂ ಯಾಕೆ ಇವೇ ವಿಮಾನಗಳು?

ನ್ಯಾಯವಾದ ಪ್ರಶ್ನೆ. ಜನರಿಗೆ ದೊಡ್ಡ ಬಿನ್ ಬೇಕು ಅಂತ ಕಂಪನಿಗಳಿಗೂ ಗೊತ್ತು. ಆದರೂ ಅಮೆರಿಕದಲ್ಲಿ ಚಿಕ್ಕ ಊರಿಗೆ ಹೋಗುವ ವಿಮಾನ ಚಿಕ್ಕದೇ ಇರುತ್ತದೆ. ಪ್ರಯಾಣಿಕರು ಕಡಿಮೆ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಒಂದು ಒಪ್ಪಂದ.

ಟಿಕೆಟ್ ಮೇಲೆ ಯುನೈಟೆಡ್ ಎಕ್ಸ್‌ಪ್ರೆಸ್, ಡೆಲ್ಟಾ ಕನೆಕ್ಷನ್, ಅಮೆರಿಕನ್ ಈಗಲ್ ಅಂತ ಇರುತ್ತದೆ. ವಿಮಾನ ಹಾರಿಸುವುದು ಮಾತ್ರ ಬೇರೆ ಕಂಪನಿ. ಸ್ಕೈವೆಸ್ಟ್, ರಿಪಬ್ಲಿಕ್, ಎಂಡೆವರ್, ಎನ್ವಾಯ್, ಪಿಎಸ್‌ಎ ಇಂಥ ಹೆಸರು ಟಿಕೆಟ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸ್ಕೈವೆಸ್ಟ್ ಒಂದೇ ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ ನಾಲ್ಕಕ್ಕೂ ಹಾರಿಸುತ್ತದೆ. ಈ ಕಂಪನಿಗಳಲ್ಲಿ ಪೈಲಟ್‌ಗಳ ಸಂಬಳ ಬಹುಕಾಲ ತುಂಬಾ ಕಡಿಮೆ ಇತ್ತು. ದೊಡ್ಡ ಕಂಪನಿ ತನ್ನ ಕೆಲಸವನ್ನೆಲ್ಲ ಇವರಿಗೇ ಕೊಟ್ಟುಬಿಟ್ಟರೆ ನಮ್ಮ ಗತಿ ಏನು ಅಂತ ದೊಡ್ಡ ಕಂಪನಿಯ ಪೈಲಟ್ ಸಂಘಗಳು ಕೇಳಿದವು. ಕೇಳಿದ್ದು ಸರಿಯೇ. ಹಾಗಾಗಿ ಅವರ ಒಪ್ಪಂದದಲ್ಲಿ ಸ್ಕೋಪ್ ಕ್ಲಾಜ್ ಅನ್ನೋ ಷರತ್ತು ಬಂತು. ಹೊರಗಿನ ಕಂಪನಿಗೆ ಕೊಡುವ ವಿಮಾನದಲ್ಲಿ ಹೆಚ್ಚೆಂದರೆ 76 ಸೀಟು. ಹಾರುವಾಗಿನ ಗರಿಷ್ಠ ತೂಕ 86,000 ಪೌಂಡ್, ಅಂದರೆ ಸುಮಾರು 39 ಟನ್. ಅದರೊಳಗೂ 50 ಸೀಟಿಗಿಂತ ದೊಡ್ಡವು ಎಷ್ಟಿರಬಹುದು ಅಂತ ಬೇರೆ ಲೆಕ್ಕ ಇದೆ.

50 ಅನ್ನೋ ಸಂಖ್ಯೆಗೆ ಸುರಕ್ಷತಾ ನಿಯಮದಲ್ಲೂ ಒಂದು ಬೇರು ಇದೆ. 50 ಸೀಟಿನ ತನಕ ಒಬ್ಬರೇ ಗಗನಸಖಿ ಸಾಕು. 51 ಆದರೆ ಇಬ್ಬರು ಬೇಕು.

ಈ ಷರತ್ತು ವಿಮಾನ ತಯಾರಿಸುವವರನ್ನೂ ಕಟ್ಟಿಹಾಕಿದೆ. ಎಂಬ್ರೇಯರ್ ಇ175-ಇ2 ಅನ್ನೋ ಹೊಸ ಮಾದರಿ ಮಾಡಿತು. ಎಂಜಿನ್ ಹೊಸದು, ಇಂಧನ ಕಡಿಮೆ ಸಾಕು. ಆದರೆ ಆ ಎಂಜಿನ್ ಭಾರ. ವಿಮಾನದ ತೂಕ 86,000 ಪೌಂಡ್ ದಾಟಿತು. ಅಮೆರಿಕದ ಕಂಪನಿಗಳು ಅದನ್ನು ಕೊಳ್ಳುವ ಹಾಗೇ ಇಲ್ಲ, ಯೋಜನೆ ನಿಂತುಹೋಗಿದೆ. ಇತ್ತ ಸಿಆರ್‌ಜೆ ತಯಾರಿಕೆಯೂ ಮುಗಿದುಹೋಯಿತು. ಅದನ್ನು ಮಾಡುತ್ತಿದ್ದ ಕೆನಡಾದ ಬೊಂಬಾರ್ಡಿಯರ್ ಕಂಪನಿ 2020ರಲ್ಲಿ ಆ ವ್ಯವಹಾರವನ್ನು ಜಪಾನಿನ ಮಿತ್ಸುಬಿಷಿಗೆ ಮಾರಿತು. 2021ರ ಮೊದಲ ತಿಂಗಳುಗಳಲ್ಲಿ ಕೊನೆಯ ಸಿಆರ್‌ಜೆ ಹೊರಬಂತು. ಅಂದರೆ ಈಗ ಹಾರುತ್ತಿರುವ ಸಿಆರ್‌ಜೆಗಳೆಲ್ಲ ಇರೋ ಬಿನ್‌ನಲ್ಲೇ ಇನ್ನೂ ಹಲವು ವರ್ಷ ಹಾರುತ್ತವೆ.

ಈ ಇಕ್ಕಟ್ಟಿನಿಂದಲೇ ಒಂದು ಒಳ್ಳೇ ವಿಮಾನವೂ ಹುಟ್ಟಿತು. ಯುನೈಟೆಡ್‌ಗೆ ಒಪ್ಪಂದದ ಪ್ರಕಾರ 50 ಸೀಟಿಗಿಂತ ದೊಡ್ಡ ವಿಮಾನ ಇನ್ನಷ್ಟು ಸೇರಿಸುವಂತಿರಲಿಲ್ಲ. ಅವರು 70 ಸೀಟು ಹಿಡಿಯುವ ಸಿಆರ್‌ಜೆ-700 ತೆಗೆದುಕೊಂಡು ಬರೀ 50 ಸೀಟು ಹಾಕಿಸಿದರು. ಅದರ ಗರಿಷ್ಠ ತೂಕವನ್ನೂ ಕಾಗದದಲ್ಲಿ ಇಳಿಸಿ ಸಿಆರ್‌ಜೆ-550 ಅಂತ ಹೊಸ ಹೆಸರು ಪಡೆದರು. 2019ರಲ್ಲಿ ಷಿಕಾಗೋದಿಂದ ಹಾರಾಟ ಶುರುವಾಯಿತು. ಉಳಿದ ಜಾಗದಲ್ಲಿ ಬ್ಯಾಗ್ ಇಡಲು ನಾಲ್ಕು ಬೀರುಗಳು ಬಂದವು. ನಿಮ್ಮ ಟಿಕೆಟ್‌ನಲ್ಲಿ ಸಿಆರ್‌ಜೆ-550 ಅಂತ ಇದ್ದರೆ ಬ್ಯಾಗ್ ಸಾಮಾನ್ಯವಾಗಿ ಒಳಗೇ ಬರುತ್ತದೆ. ಅದೇ ಕೊಳವೆಯ ಸಿಆರ್‌ಜೆ-700 ಇದ್ದರೆ ಬರುವುದಿಲ್ಲ.

ಜೆಎಸ್‌ಎಕ್ಸ್ ಅನ್ನೋ ಕಂಪನಿ ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿಯಿತು. ಇಆರ್‌ಜೆ ವಿಮಾನಗಳಲ್ಲಿ ಬರೀ 30 ಸೀಟು ಇಟ್ಟು ತಲೆ ಮೇಲಿನ ಬಿನ್‌ಗಳನ್ನು ಕಿತ್ತೇ ಹಾಕಿತು. ದೊಡ್ಡ ಬ್ಯಾಗೆಲ್ಲ ಹಿಂದಿನ ಗೂಡಿಗೆ, ಚಿಕ್ಕದು ಸೀಟಿನ ಕೆಳಗೆ. ಒಳಗೆ ಕೂತರೆ ವಿಮಾನ ಒಮ್ಮೆಲೇ ಅಗಲವಾದ ಹಾಗೆ ಕಾಣುತ್ತದೆ.

ತೂಕದ ಮಾತು

ಬಿನ್‌ನಲ್ಲಿ ಜಾಗ ಇದ್ದರೂ ಕೆಲವೊಮ್ಮೆ ಬ್ಯಾಗ್ ಕೇಳುತ್ತಾರೆ. ಸೀಟು ಖಾಲಿ ಇದ್ದರೂ "ನೀವು ಹಿಂದಿನ ಸಾಲಿಗೆ ಹೋಗಿ" ಅನ್ನುತ್ತಾರೆ. ಸುಮ್ನೆ ಕಾಟ ಕೊಡುತ್ತಿದ್ದಾರೆ ಅನ್ನಿಸುತ್ತದೆ. ಹಾಗಲ್ಲ.

ವಿಮಾನ ಒಂದು ತಕ್ಕಡಿ ಇದ್ದ ಹಾಗೆ. ರೆಕ್ಕೆಯ ಹತ್ತಿರ ಅದರ ಆಧಾರ. ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನೋದು ಒಂದು ಮಿತಿಯೊಳಗೆ ಇರಬೇಕು. ಮೂಗು ಭಾರವಾದರೆ ಏಳುವುದು ಕಷ್ಟ. ಬಾಲ ಭಾರವಾದರೆ ಮೂಗು ತಾನಾಗೇ ಮೇಲೇಳುತ್ತದೆ, ಪೈಲಟ್ ಕೈಗೆ ಸಿಗುವುದಿಲ್ಲ. 180 ಜನರ ವಿಮಾನದಲ್ಲಿ ಹತ್ತು ಬ್ಯಾಗ್ ಅತ್ತಿತ್ತ ಆದರೆ ದೊಡ್ಡ ವ್ಯತ್ಯಾಸ ಇಲ್ಲ. 50 ಜನರ ವಿಮಾನದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. 19 ಜನರದ್ದರಲ್ಲಿ ಅದೇ ದೊಡ್ಡ ಲೆಕ್ಕ.

2003ರ ಜನವರಿ 8ರಂದು ಉತ್ತರ ಕರೋಲಿನಾದ ಷಾರ್ಲೆಟ್‌ನಲ್ಲಿ ಏರ್ ಮಿಡ್‌ವೆಸ್ಟ್ ಕಂಪನಿಯ ಬೀಚ್‌ಕ್ರಾಫ್ಟ್ 1900 ವಿಮಾನ ಏಳುತ್ತಿದ್ದಂತೆಯೇ ಬಿತ್ತು. ಅದರಲ್ಲಿದ್ದ 19 ಪ್ರಯಾಣಿಕರು, ಇಬ್ಬರು ಪೈಲಟ್‌ಗಳು, ಅಷ್ಟೂ ಜನ ಸತ್ತರು. ತನಿಖೆಯಲ್ಲಿ ಎರಡು ಕಾರಣ ಕೂಡಿಬಂದವು. ಬಾಲದ ರೆಕ್ಕೆಯನ್ನು ಆಡಿಸುವ ಕೇಬಲ್ ಅನ್ನು ರಿಪೇರಿಯಲ್ಲಿ ತಪ್ಪಾಗಿ ಬಿಗಿದಿದ್ದರು. ಜೊತೆಗೆ ವಿಮಾನ ಮಿತಿಗಿಂತ ಭಾರವಾಗಿತ್ತು, ಬಾಲದ ಕಡೆ ತೂಕ ಜಾಸ್ತಿ ಇತ್ತು. ಮನಸ್ಸಿಗೆ ಚುಚ್ಚುವುದು ಇದು: ಪೈಲಟ್‌ಗಳು ತೂಕದ ಲೆಕ್ಕ ಹಾಕಿದ್ದರು. ಕಾಗದದ ಮೇಲೆ ಎಲ್ಲ ಮಿತಿಯೊಳಗೇ ಇತ್ತು. ಯಾರನ್ನೂ ನಿಜವಾಗಿ ತೂಗಿರಲಿಲ್ಲ. ಒಬ್ಬ ಮನುಷ್ಯ ಇಷ್ಟು, ಒಂದು ಬ್ಯಾಗ್ ಇಷ್ಟು ಅಂತ ಹಳೇ ಸರಾಸರಿ ಹಾಕಿದ್ದರು. ಜನರೂ ಬ್ಯಾಗೂ ಆ ಸರಾಸರಿಗಿಂತ ಭಾರವಾಗಿದ್ದವು.

ಆಮೇಲೆ ವಿಮಾನಯಾನ ಇಲಾಖೆ ಎಫ್‌ಎಎ ಚಿಕ್ಕ ವಿಮಾನಗಳ ಪ್ರಯಾಣಿಕರನ್ನು, ಬ್ಯಾಗ್‌ಗಳನ್ನು ನಿಜವಾಗಿ ತೂಗಿ ನೋಡಲು ಹೇಳಿತು. ಸರಾಸರಿಗಳನ್ನು ಏರಿಸಿತು. ಆಗಿನ ಮಾರ್ಗಸೂಚಿಯಲ್ಲಿ ಕೌಂಟರ್‌ನಲ್ಲಿ ಕೊಟ್ಟ ಬ್ಯಾಗಿಗೆ 30 ಪೌಂಡ್ ಅಂತ ಲೆಕ್ಕ. ವಿಮಾನದ ಬಾಗಿಲಲ್ಲಿ ಬಿಟ್ಟ ಬ್ಯಾಗಿಗೆ 20 ಪೌಂಡ್, ಅಂದರೆ ಸುಮಾರು 9 ಕೆ.ಜಿ. ಸಿಬ್ಬಂದಿ ಬಾಗಿಲಲ್ಲಿ ಟ್ಯಾಗ್‌ಗಳನ್ನು ಎಣಿಸುತ್ತಾ ಇರುತ್ತಾರಲ್ಲ, ಆ ಎಣಿಕೆ ಪೈಲಟ್‌ನ ತೂಕದ ಹಾಳೆಗೆ ಹೋಗುತ್ತದೆ. ಅವರ ಕಣ್ಣು ತಪ್ಪಿಸಿ ಬ್ಯಾಗ್ ಒಳಗೆ ತಂದರೆ ತಪ್ಪುವುದು ಆ ಲೆಕ್ಕ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೂ ಚಿಕ್ಕ ವಿಮಾನಗಳಲ್ಲಿ ಸರಾಸರಿಯ ಮಾತೇ ಇಲ್ಲ. ಮ್ಯಾಸಚುಸೆಟ್ಸ್‌ನ ಕೇಪ್ ಏರ್ ಒಂಬತ್ತು ಸೀಟಿನ ವಿಮಾನಗಳನ್ನು ಹಾರಿಸುತ್ತದೆ. ಅಲ್ಲಿ ಪ್ರಯಾಣಿಕರ ತೂಕವನ್ನೇ ಕೇಳುತ್ತಾರೆ. ಅವರ ಸೆಸ್ನಾ 402 ವಿಮಾನದಲ್ಲಿ ಬ್ಯಾಗ್ ಇಡುವ ಗೂಡು ಮೂಗಿನಲ್ಲೂ ಇದೆ, ರೆಕ್ಕೆಯಲ್ಲೂ ಇದೆ.

ಸೀಟಿನ ಕೆಳಗೂ ಒಂದು ನಿಯಮ ಇದೆ. ಬ್ಯಾಗ್ ಇಡುವ ಸೀಟಿಗೆ, ಅದು ಮುಂದೆ ಜಾರದ ಹಾಗೆ ತಡೆ ಇರಲೇಬೇಕು. ಮೊದಲ ಸಾಲಿನಲ್ಲಿ ಕೂತವರ ಮುಂದೆ ಸೀಟೇ ಇಲ್ಲ, ಅದಕ್ಕೇ ಅವರ ಕೈಚೀಲ ಮೇಲೆ ಹೋಗಬೇಕು. ಎಲ್ಲ ಬ್ಯಾಗೂ ತನ್ನ ಜಾಗದಲ್ಲಿ ಕೂರುವ ತನಕ ವಿಮಾನದ ಬಾಗಿಲು ಮುಚ್ಚುವಂತಿಲ್ಲ. ಗೇಟಿನವರ ಅವಸರ ಇದರಿಂದಲೇ.

ಟ್ಯಾಗ್‌ನಲ್ಲಿ ಎರಡು ಬಗೆ

ಟ್ಯಾಗ್ ಬಿದ್ದ ಕೂಡಲೇ ಒಂದೇ ಪ್ರಶ್ನೆ ಕೇಳಿ: ಬ್ಯಾಗ್ ಎಲ್ಲಿ ಸಿಗುತ್ತದೆ? ಬಿನ್ ಚಿಕ್ಕದು ಅಂತ ತೆಗೆದುಕೊಂಡರೆ ಸಾಮಾನ್ಯವಾಗಿ ಇಳಿದ ಕೂಡಲೇ ವಿಮಾನದ ಬಾಗಿಲಲ್ಲೇ ವಾಪಸ್ ಕೊಡುತ್ತಾರೆ. ದುಡ್ಡಿಲ್ಲ. ದೊಡ್ಡ ವಿಮಾನದಲ್ಲಿ ಬಿನ್ ತುಂಬಿತು ಅಂತ ತೆಗೆದುಕೊಂಡರೆ ಅದು ಕೊನೆಯ ಊರಿನ ಬ್ಯಾಗೇಜ್ ಬೆಲ್ಟ್‌ಗೆ ಹೋಗುತ್ತದೆ. ಎರಡರ ಟ್ಯಾಗೂ ನೋಡಲು ಒಂದೇ ಥರ ಕಾಣಬಹುದು. ಕೊನೆಯ ಊರಿನ ಹೆಸರು ಅಚ್ಚಾಗಿದೆಯೇ ಅಂತ ನೋಡಿ, ಹರಿದು ಕೊಟ್ಟ ತುಂಡನ್ನು ಜೋಪಾನ ಮಾಡಿ.

ಬ್ಯಾಗ್ ಕೈಬಿಡುವ ಮೊದಲು ಅದರಿಂದ ಹೊರಗೆ ಬರಲೇಬೇಕಾದ ವಸ್ತು ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು. ಇದು ಕಾನೂನು. ಲಿಥಿಯಂ ಬ್ಯಾಟರಿ ಕಾದು ಹೊತ್ತಿಕೊಂಡರೆ ಕ್ಯಾಬಿನ್‌ನಲ್ಲಿ ಯಾರಾದರೂ ನೋಡುತ್ತಾರೆ, ಆರಿಸುತ್ತಾರೆ. ಸಾಮಾನಿನ ಗೂಡಿನಲ್ಲಿ ಯಾರೂ ಇಲ್ಲ. ಇ-ಸಿಗರೇಟಿಗೂ ಇದೇ ನಿಯಮ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಅಂತ ಬರೆದ ಮಾಮೂಲಿ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ಹಾಗಾಗಿ ಅದನ್ನು ಕೈಯಲ್ಲಿ ತರಲು ಅಡ್ಡಿ ಇಲ್ಲ.

ಆಮೇಲೆ ಮಾತ್ರೆ, ಪಾಸ್‌ಪೋರ್ಟ್, ಒಡವೆ, ಕ್ಯಾಮೆರಾ, ಲ್ಯಾಪ್‌ಟಾಪ್. ಟ್ಯಾಗ್ ಬಿದ್ದ ಕ್ಷಣದಿಂದ ಅದು ಕಂಪನಿಗೆ ಒಪ್ಪಿಸಿದ ಬ್ಯಾಗ್. ಅಮೆರಿಕದೊಳಗಿನ ಪ್ರಯಾಣದಲ್ಲಿ ಬ್ಯಾಗ್ ಕಳೆದರೆ ಕಂಪನಿ ತನ್ನ ಹೊಣೆಯನ್ನು 4,700 ಡಾಲರ್‌ಗೆ ಸೀಮಿತ ಮಾಡಿಕೊಳ್ಳಬಹುದು. 2025ರ ಜನವರಿಯಲ್ಲಿ ಏರಿಸಿದ ಮೊತ್ತ ಅದು. ಆದರೆ ಒಡವೆ, ನಗದು, ಎಲೆಕ್ಟ್ರಾನಿಕ್ ಸಾಮಾನಿಗೆ ನಾವು ಹೊಣೆಯಲ್ಲ ಅಂತ ಹೆಚ್ಚಿನ ಕಂಪನಿಗಳ ಷರತ್ತಿನಲ್ಲೇ ಬರೆದಿರುತ್ತದೆ.

ನಾನು ಈಗ ಮಾಡುವುದು ಇಷ್ಟು. ಇವೆಲ್ಲವನ್ನೂ ಒಂದು ತೆಳ್ಳನೆಯ ಬಟ್ಟೆ ಚೀಲದಲ್ಲಿ ಹಾಕಿ, ಗಾಲಿ ಬ್ಯಾಗಿನ ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಟ್ಯಾಗ್ ಬಿದ್ದರೆ ಜಿಪ್ ಎಳೆದು ಚೀಲ ಎತ್ತಿಕೊಂಡರಾಯಿತು. ಹತ್ತು ಸೆಕೆಂಡ್ ಕೆಲಸ. ವಯಸ್ಸಾದ ಅಪ್ಪ ಅಮ್ಮ ಒಬ್ಬರೇ ಪ್ರಯಾಣ ಮಾಡುತ್ತಿದ್ದರೆ ಅವರ ಬ್ಯಾಗನ್ನು ಹೀಗೇ ತುಂಬಿಕೊಡಿ. ಯಾವ ವಿಮಾನದಲ್ಲಿ ಟ್ಯಾಗ್ ಬೀಳಬಹುದು ಅಂತ ಬೋರ್ಡಿಂಗ್ ಪಾಸ್ ಹಿಂದೆ ಬರೆದುಕೊಡಿ. ಬುಕಿಂಗ್ ವಿವರದಲ್ಲಿ ಮಾದರಿಯ ಹೆಸರು ಇದ್ದೇ ಇರುತ್ತದೆ. ಕೊನೇ ಗಳಿಗೆಯಲ್ಲಿ ವಿಮಾನ ಬದಲಾಗುವುದೂ ಉಂಟು. ಹಾಗಾಗಿ ಇ175 ಅಂತ ಇದ್ದರೂ ಆ ಬಟ್ಟೆ ಚೀಲ ಇರಲಿ.

ಇಳಿದ ಮೇಲೆ ಏರೋಬ್ರಿಡ್ಜ್‌ನಲ್ಲಿ ಗೋಡೆ ಕಡೆ ಸರಿದು ನಿಂತುಕೊಳ್ಳಿ. ಕೆಳಗೆ ಕೆಲಸಗಾರರು ಗೂಡಿನಿಂದ ಒಂದೊಂದೇ ಬ್ಯಾಗ್ ಇಳಿಸಬೇಕು. ಆಮೇಲೆ ಅವನ್ನು ಮೇಲಕ್ಕೆ ತರಬೇಕು. ಬಹಳ ಕಡೆ ಮೆಟ್ಟಿಲು ಹತ್ತಿ ಕೈಯಲ್ಲೇ ಹೊತ್ತು ತರುತ್ತಾರೆ. ಐದು ನಿಮಿಷ ಆಗಬಹುದು, ಹದಿನೈದೂ ಆಗಬಹುದು. ಮುಂದಿನ ವಿಮಾನಕ್ಕೆ ಎಷ್ಟು ಸಮಯ ಬಿಡಬೇಕು ಅಂತ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ. ಬ್ಯಾಗ್ ಕೈಗೆ ಬರುವ ಮೊದಲು ಟರ್ಮಿನಲ್‌ನ ಬಾಗಿಲು ದಾಟಬೇಡಿ. ಆ ಬಾಗಿಲು ಒಮ್ಮೆ ಮುಚ್ಚಿದರೆ ನೀವಾಗಿ ವಾಪಸ್ ಒಳಗೆ ಬರಲು ಆಗುವುದಿಲ್ಲ.